ಹುಚ್ಚು ಬಂಗಾರಕ್ಕೆ ಉಸಿರಾಡಲು ಜಾಗ

ನಮಸ್ಕಾರ ಕೇಳುಗರೇ. ಪೈರೈಟ್ ಅನ್ನುವ ಹಳದಿ ಕಲ್ಲು ಕೇಳಿದ್ದೀರಾ? ಬಂಗಾರ ಅಂತ ನಂಬಿ ಮೋಸ ಹೋದವರು ಬಹಳ ಜನ. ಒಳಗಿರುವುದು ಬರೀ ಕಬ್ಬಿಣ ಮತ್ತು ಗಂಧಕ. ಈಗ ಅದನ್ನೇ ಸೋಡಿಯಂ ಬ್ಯಾಟರಿಯ ಆನೋಡ್, ಅಂದರೆ ಚಾರ್ಜ್ ಆಗುವಾಗ ಸೋಡಿಯಂ ಹಿಡಿದಿಟ್ಟುಕೊಳ್ಳುವ ಭಾಗ, ಮಾಡಲು ಹೊರಟಿದ್ದಾರೆ.

ಲಿಥಿಯಂ ಬ್ಯಾಟರಿಯಲ್ಲಿ ಈ ಕೆಲಸ ಗ್ರಾಫೈಟ್ ಮಾಡುತ್ತದೆ. ಸೋಡಿಯಂ ಮಾತ್ರ ಗ್ರಾಫೈಟಿನೊಳಗೆ ಸರಿಯಾಗಿ ಕೂರುವುದೇ ಇಲ್ಲ. ಗಾತ್ರ ದೊಡ್ಡದು ಅಂತ ಸುಮ್ನೆ ಹೇಳಿಬಿಡುತ್ತಾರೆ, ಆದರೆ ಅದಕ್ಕಿಂತ ದೊಡ್ಡದಾದ ಪೊಟ್ಯಾಸಿಯಂ ಆರಾಮಾಗಿ ಒಳಗೆ ಹೋಗುತ್ತದೆ. ಸೋಡಿಯಂಗೂ ಗ್ರಾಫೈಟಿಗೂ ಜೋಡಿ ಕೂಡಿಬರಲ್ಲ, ಅಷ್ಟೇ.

ಪೈರೈಟ್ ಹಾಗಲ್ಲ. ಒಂದು ಕಬ್ಬಿಣ, ಎರಡು ಗಂಧಕ ಸೇರಿ ನಾಲ್ಕು ಸೋಡಿಯಂ ಹಿಡಿಯುತ್ತವೆ. ಲೆಕ್ಕದ ಪ್ರಕಾರ ಗ್ರಾಂಗೆ 894 ಮಿಲಿಆಂಪ್-ಅವರ್. ಲಿಥಿಯಂ ಜೊತೆ ಗ್ರಾಫೈಟ್ ಕೊಡುವುದು 372. ಆಸೆ ಹುಟ್ಟುತ್ತೆ, ಅಲ್ವಾ?

ಆದರೆ ಇಲ್ಲಿ ಸೋಡಿಯಂ, ಗ್ರಾಫೈಟಿನಲ್ಲಿ ಲಿಥಿಯಂ ಮಾಡುವ ಹಾಗೆ, ಪದರಗಳ ನಡುವೆ ನುಸುಳಿ ಸುಮ್ಮನಿರುವುದಿಲ್ಲ, ಕಲ್ಲನ್ನೇ ಒಡೆದು ಕಬ್ಬಿಣ ಬೇರೆ, ಸೋಡಿಯಂ ಸಲ್ಫೈಡ್ ಬೇರೆ ಮಾಡಿಬಿಡುತ್ತದೆ. ಸಾಂದ್ರತೆ ಹಿಡಿದು ಲೆಕ್ಕ ಹಾಕಿ ನೋಡಿ: 24 ಘನ ಸೆಂಟಿಮೀಟರ್ ಇದ್ದದ್ದು 90ರ ಹತ್ತಿರ ಹೋಗುತ್ತದೆ. ಡಿಸ್ಚಾರ್ಜ್ ಆದಾಗ ಮತ್ತೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಕಣ ಬಿರುಕು ಬಿಡುತ್ತದೆ, ಪುಡಿಯಾಗುತ್ತದೆ, ಕರೆಂಟಿನ ಸಂಪರ್ಕ ತಪ್ಪುತ್ತದೆ.

ಅದಕ್ಕೇ ಕಣದ ಸುತ್ತ ಇಂಗಾಲದ ಚಿಪ್ಪು ಕಟ್ಟುತ್ತಾರೆ, ನಡುವೆ ಜಾಗ ಬಿಟ್ಟು. ಮೊದಲು ಕಣದ ಮೇಲೆ ಸಿಲಿಕಾ ಲೇಪಿಸಿ, ಅದರ ಮೇಲೆ ಇಂಗಾಲ ಹಚ್ಚಿ, ಆಮೇಲೆ ಸಿಲಿಕಾ ಕರಗಿಸಿ ತೆಗೆಯುವುದು ಒಂದು ದಾರಿ. ಜಾಗ ಎಷ್ಟು ಬೇಕು? ಗಾತ್ರ ಸುಮಾರು 3.8 ಪಟ್ಟು ಆಗುವುದಾದರೆ ಅಡ್ಡಳತೆ 1.56 ಪಟ್ಟು. ಅಂದರೆ 100 ನ್ಯಾನೋಮೀಟರ್ ಕಣಕ್ಕೆ ಒಳಗೆ 156 ನ್ಯಾನೋಮೀಟರ್ ಅಗಲದ ಮನೆ ಬೇಕು. ಜಾಗ ಕಮ್ಮಿಯಾದರೆ ಚಿಪ್ಪು ಒಡೆಯುತ್ತದೆ. ಜಾಸ್ತಿಯಾದರೆ ಬ್ಯಾಟರಿಯಲ್ಲಿ ಗಾಳಿಗೇ ಜಾಗ ಕೊಟ್ಟಂತೆ.

ನನಗೆ ಹಿಡಿಸಿದ ಉಪಾಯ ಇನ್ನೂ ಸರಳ: ದುರಾಸೆ ಬಿಡುವುದು. ಆನೋಡಿನ ವೋಲ್ಟೇಜ್ 0.8ಕ್ಕಿಂತ ಕೆಳಗೆ ಇಳಿಯಲು ಬಿಡದೆ, ಈಥರ್ ಜಾತಿಯ ಎಲೆಕ್ಟ್ರೊಲೈಟ್ (ಬ್ಯಾಟರಿಯೊಳಗೆ ಸೋಡಿಯಂ ಓಡಾಡುವ ದ್ರವ) ಹಾಕಿದರೆ ಕಲ್ಲು ಪೂರ್ತಿ ಒಡೆಯುವುದಿಲ್ಲ. 894 ಸಿಗಲ್ಲ, ನಿಜ. ಆದರೆ ಸಾವಿರಾರು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ.

ಇಷ್ಟಾದರೂ ಒಂದು ತಕರಾರು ಉಳಿದೇ ಇದೆ. ಪೈರೈಟ್ ತನ್ನ ಸೋಡಿಯಂ ಬಿಟ್ಟುಕೊಡುವುದು ಬಹುಪಾಲು ಒಂದು ವೋಲ್ಟಿಗಿಂತ ಮೇಲೆ. ಆನೋಡಿನ ವೋಲ್ಟೇಜ್ ಏರಿದಷ್ಟೂ ಇಡೀ ಸೆಲ್ಲಿನ ವೋಲ್ಟೇಜ್ ಇಳಿಯುತ್ತದೆ. ಇದರ ಎದುರಾಳಿ ಹಾರ್ಡ್ ಕಾರ್ಬನ್, ಅಂದರೆ ಪದರಗಳು ಅಡ್ಡಾದಿಡ್ಡಿಯಾಗಿರುವ ಇಂಗಾಲ, ಹಿಡಿಯುವುದು ಗ್ರಾಂಗೆ ಸುಮಾರು 300 ಅಷ್ಟೇ, ಆದರೆ ಅದರ ದೊಡ್ಡ ಪಾಲು 0.1 ವೋಲ್ಟಿನ ಆಸುಪಾಸಿನಲ್ಲೇ ಸಿಗುತ್ತದೆ. ಮಾರಾಟಕ್ಕೆ ಬಂದಿರುವ ಸೋಡಿಯಂ ಸೆಲ್ಲುಗಳಲ್ಲಿ ಸದ್ಯಕ್ಕೆ ಅದೇ ಕೂತಿದೆ.