ಗಂಗಾವತಿ ಅಕ್ಕಿ, ಅರವತ್ನಾಕು ಮನಿ

ಎಲ್ರಿಗೂ ನಮಸ್ಕಾರ್ರಿ. ಗಂಗಾವತ್ಯಾಗ ನಿಂತು ಅಕ್ಕಿ ಬಗ್ಗೆ ನಿಮಗ ನಾ ಹೇಳೂದೇನಿಲ್ಲ, ಆದ್ರ ಅದೇ ಸೋನಾಮಸೂರಿ ಕಾಳು ಹಿಡ್ಕೊಂಡು ಇವತ್ತು ಒಂದು ದೊಡ್ಡ ಸಂಖ್ಯೆ ತನಕ ಹೋಗಿ ಬರೂಣು.

ಚದುರಂಗದ ಕಥಿ ಕೇಳಿರ್ತೀರಿ. ಮೊದಲ್ನೇ ಮನಿಗೆ ಒಂದು ಕಾಳು, ಎರಡ್ನೇದಕ್ಕ ಎರಡು, ಮೂರ್ನೇದಕ್ಕ ನಾಕು, ಹಿಂಗ ಡಬಲ್ ಮಾಡ್ಕೋತ 64 ಮನಿ. ನಿನ್ನೆ ರಾತ್ರಿ ನಾನು ನಮ್ಮ ಮಗಳು ಕುಂತು ಸಾವಿರ ಕಾಳು ಎಣಿಸಿ ಕಿರಾಣಿ ಅಂಗಡಿ ತಕ್ಕಡ್ಯಾಗ ಇಟ್ವಿ, ಹೆಚ್ಚುಕಮ್ಮಿ 10 ಗ್ರಾಂ ಬಂತು. ಅಂದ್ರ 25 ಕೆಜಿ ಪಾಕೀಟಿನ್ಯಾಗ 25 ಲಕ್ಷ ಕಾಳು. 21 ಮನಿ ತುಂಬೂದ್ರಾಗ 20,97,151 ಕಾಳು ಹೋಗ್ತಾವ, 22ನೇ ಮನಿ ಒಂದಕ್ಕ 20,97,152 ಬೇಕು, ಪಾಕೀಟು ಅಲ್ಲಿಗೇ ಖಾಲಿ. ನೋಡ್ರಿ, ಯಾವ ಮನಿ ತಗೊಂಡ್ರೂ ಹಿಂದಿನವೆಲ್ಲಾ ಕೂಡಿಸಿದ್ದಕ್ಕಿಂತ ಒಂದೇ ಕಾಳು ಜಾಸ್ತಿ. ಅದಕ್ಕ ಒಟ್ಟು ಲೆಕ್ಕ 2ರ 64ನೇ ಘಾತದಾಗ ಒಂದು ಕಮ್ಮಿ:

1,84,46,74,40,73,70,95,51,615

ನಮ್ಮ ತೂಕದ ಲೆಕ್ಕದಾಗ ಇದು 18 ಸಾವಿರ ಕೋಟಿ ಟನ್ ದಾಟ್ತತಿ, ಇಡೀ ಜಗತ್ತು ಈಗ ಬೆಳೆಯೂ ಅಕ್ಕಿ ಮುನ್ನೂರು ವರ್ಷ ಕೂಡಿಟ್ರೂ ಸಾಲಂಗಿಲ್ಲ.

ಇಷ್ಟು ದೊಡ್ಡದನ್ನ ಒಡೆಯೂದು ಹೆಂಗ? ಕೊನೀಗೆ 5 ಐತಿ, ಅಂಕಿ ಕೂಡಿಸಿದ್ರ 87, ಹಂಗಾಗಿ 5ಕ್ಕೂ 3ಕ್ಕೂ ಹೋಗ್ತತಿ, ಅದು ಸುಲಭ. ಮುಂದಿಂದಕ್ಕ ಹೈಸ್ಕೂಲಿನ ಎ ವರ್ಗ ಮೈನಸ್ ಬಿ ವರ್ಗ ಸೂತ್ರ ಸಾಕು. 2ರ 64ನೇ ಘಾತ ಅಂದ್ರ 2ರ 32ನೇ ಘಾತದ ವರ್ಗ ಅಲ್ಲೇನ್ರಿ, ಅದರಾಗ ಒಂದು ಕಳೆದದ್ದು ಎರಡು ತುಂಡಾಗ್ತತಿ, ಒಂದ್ರಾಗ ಪ್ಲಸ್ ಒಂದು, ಇನ್ನೊಂದ್ರಾಗ ಮೈನಸ್ ಒಂದು, ಆ ಮೈನಸ್ ತುಂಡು ಮತ್ತ ಒಡೀತತಿ, ಮತ್ತ ಒಡೀತತಿ, ಕೊನೀಗೆ ಉಳಿಯೂದು 3 × 5 × 17 × 257 × 65,537 × 4,29,49,67,297.

ಮೊದಲಿನ ಐದೂ ಅವಿಭಾಜ್ಯ, ಅಂದ್ರ 1 ಮತ್ತ ತಮ್ಮನ್ನ ಬಿಟ್ರ ಬ್ಯಾರೆ ಯಾವ ಸಂಖ್ಯೆಗೂ ಹೋಗಂಗಿಲ್ಲ. ಕೊನೀದೂ ಅವಿಭಾಜ್ಯನ ಅಂತ ಫರ್ಮಾ ಅನ್ನೂ ಫ್ರೆಂಚ್ ಗಣಿತಜ್ಞ ನಂಬಿದ್ದ, 1640ರ ಸುಮಾರಿನ ಮಾತು. 1732ರಾಗ ಆಯ್ಲರ್ ಅನ್ನೂ ಗಣಿತಜ್ಞ ಅದು 641ಕ್ಕ ಹೋಗ್ತತಿ ಅಂತ ತೋರಿಸಿದ. ಇದನ್ನ ಭಾಗಾಕಾರ ಮಾಡ್ದನ ನೋಡಬಹುದು, ನನಗ ಬಾಳ ಪ್ರೀತಿಯ ಲೆಕ್ಕ ಇದು, ಸ್ವಲ್ಪ ನಿಧಾನ ಕೇಳ್ರಿ. 640 ಅಂದ್ರ 5 × 2ರ 7ನೇ ಘಾತ. 641ರಿಂದ ಭಾಗಿಸೂವಾಗ 640 ಅಂದ್ರ ಮೈನಸ್ 1 ಇದ್ದಂಗ. ಅದನ್ನ ನಾಕು ಸಲ ಗುಣಿಸಿದ್ರ ಪ್ಲಸ್ 1. ಅಂದ್ರ 5ರ 4ನೇ ಘಾತ × 2ರ 28ನೇ ಘಾತ, ಇದಕ್ಕ ಶೇಷ 1. ಆದ್ರ 5ರ 4ನೇ ಘಾತ 625, ಅದು 641ಕ್ಕ 16 ಕಮ್ಮಿ, ಅಂದ್ರ ಮೈನಸ್ 16. ಆ 16 ಅಂದ್ರ 2ರ 4ನೇ ಘಾತ, 28ಕ್ಕ 4 ಸೇರಿ 32 ಆತು. ಹಂಗಾರ ಮೈನಸ್ 2ರ 32ನೇ ಘಾತಕ್ಕ ಶೇಷ 1, ಪ್ಲಸ್ ಇದ್ದಿದ್ರ ಮೈನಸ್ 1, ಅದಕ್ಕ ಒಂದು ಕೂಡಿಸ್ರಿ, ಸೊನ್ನಿ! ಉಳಿದ ತುಂಡು 67,00,417, ಅದೂ ಅವಿಭಾಜ್ಯ.

ಅಲ್ಲಿಗೆ ನಮ್ಮ ಸಂಖ್ಯೆಯಾಗ ಬ್ಯಾರೆ ಬ್ಯಾರೆ ಏಳು ಅವಿಭಾಜ್ಯ ಸಿಕ್ಕವು. ಅದಕ್ಕ ಇದನ್ನ ಶೇಷ ಇಲ್ದಂಗ ಭಾಗಿಸೂ ಸಂಖ್ಯೆ ಒಟ್ಟು 128, ಅದೂ 2ರ ಘಾತನ. ಇದರಾಗಿನ 17 ಹಿಡ್ಕೊಂಡು 1796ರಾಗ ಹರೇದ ಹುಡುಗ ಗೌಸ್, ಮುಂದ ದೊಡ್ಡ ಗಣಿತಜ್ಞ ಆದವ, ಬರೀ ಪಟ್ಟಿ ಕೈವಾರದಿಂದ 17 ಬಾಹು ಇರೂ ಸಮಬಹುಭುಜ ಎಳೀಬಹುದು ಅಂತ ಸಾಧಿಸಿದ. 3, 5, 17, 257, 65,537, ಅಂದ್ರ 2ರ 1, 2, 4, 8, 16ನೇ ಘಾತಕ್ಕ ಒಂದೊಂದು ಕೂಡಿಸಿದ್ದು, ಹಿಂಗ ಮುಂದ ಹೋಗೂ ಈ ಸಾಲಿನ್ಯಾಗ ಆರನೇ ಅವಿಭಾಜ್ಯ ಇವತ್ತಿನ ತನಕ ಯಾರಿಗೂ ಸಿಕ್ಕಿಲ್ಲ, ಇಲ್ಲವೇ ಇಲ್ಲ ಅಂತ ಸಾಧಿಸಿದವ್ರೂ ಇಲ್ಲ.