ಗೋಡೆ ಮುಗಿದ ಮೇಲೆ ಉಳಿಯೋ ಸಂದು: ಫೈರ್ ರೇಟೆಡ್ ಪಾರ್ಟಿಷನ್ ತಲೆಭಾಗ ಸೀಲ್ ಮಾಡೋದು

ನಮಸ್ಕಾರ ಎಲ್ಲರಿಗೂ. ಬೆಂಗಳೂರಲ್ಲಿ ಒಂದು ಆಫೀಸ್ ಫ್ಲೋರ್ ಇದು, ಫಾಲ್ಸ್ ಸೀಲಿಂಗ್ ಇನ್ನೂ ಹಾಕಿಲ್ಲ. ಅದಕ್ಕೇ ಇವತ್ತೇ ಶೂಟ್ ಮಾಡ್ತಿರೋದು. ಗ್ರಿಡ್ ಬಂತು ಅಂದ್ರೆ ಈ ಜಾಗ ಯಾರ ಕಣ್ಣಿಗೂ ಬೀಳಲ್ಲ.

ಈಗ ಕ್ಯಾಮೆರಾ ಮೇಲಕ್ಕೆ ಹೋಗ್ತಿದೆ ನೋಡಿ, ಅದು ಎಲೆಕ್ಟ್ರಿಕಲ್ ರೂಮಿನ ಗೋಡೆ. ಎರಡು ಗಂಟೆ ಬೆಂಕಿ ತಡೀಬೇಕು. ಎರಡೂ ಕಡೆ 15 ಮಿ.ಮೀ. ಜಿಪ್ಸಮ್ ಫೈರ್ ಬೋರ್ಡು, ಎರಡೆರಡು ಪದರ. ಗೋಡೆ ಚೆನ್ನಾಗೇ ಬಂದಿದೆ. ಪ್ರಶ್ನೆ ಇರೋದು ಗೋಡೆಯ ತಲೆಗೂ ಸ್ಲ್ಯಾಬಿಗೂ ನಡುವಿನ ಆ ಸಂದಿನದ್ದು. ಬೆಂಕಿ ಬಿದ್ದ ರೂಮಲ್ಲಿ ಬಿಸಿ ಹೊಗೆ ಮೇಲೆ ತುಂಬ್ಕೊಳ್ಳತ್ತೆ, ಒತ್ತಡ ಜಾಸ್ತಿ ಇರೋದೂ ಅಲ್ಲೇ. ಹೊಗೆ ಮೊದಲು ಹುಡುಕೋ ದಾರಿ ಈ ಸಂದು. ಓಲ್ಡ್ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಬೆಂಕಿ ನೆನಪಿರಬೇಕು, 2010ರ ಫೆಬ್ರವರಿ 23, ಒಂಬತ್ತು ಜನ ತೀರಿಕೊಂಡ್ರು. ಮೇಲಿನ ಮಹಡಿಗಳಲ್ಲಿ ಜನರನ್ನ ಸಿಕ್ಕಿಸಿದ್ದು ಹೊಗೆ. ಅಲ್ಲಿನ ಕಾರಣಗಳು ಬೇರೆ ಬೇರೆ, ಈ ಸಂದಿಗೆ ಅದನ್ನ ಗಂಟು ಹಾಕ್ತಿಲ್ಲ. ಹೊಗೆಗೆ ದಾರಿ ಬಿಡಬಾರದು ಅನ್ನೋದಕ್ಕೆ ಹೇಳಿದೆ. ಸರಿ, ಶಾಟ್ ಬದಲಾಯ್ತು, ಟ್ರ್ಯಾಕ್ ಹತ್ರ ಬಂದ್ವಿ.

ಟ್ರ್ಯಾಕ್ ಅಂದ್ರೆ ಸ್ಲ್ಯಾಬಿನ ತಳಕ್ಕೆ ಬಿಗಿದ ಲೋಹದ ಚಾನೆಲ್. ಅದರ ಕಾಲು, ಅಂದ್ರೆ ಕೆಳಕ್ಕೆ ಇಳಿದ ಅಂಚು, ಉದ್ದ ಇದೆ ನೋಡಿ. ಸ್ಟಡ್ಡನ್ನ, ಅಂದ್ರೆ ಗೋಡೆಯೊಳಗಿನ ಲೋಹದ ನಿಲುಗಂಬವನ್ನ, ಸ್ಲ್ಯಾಬಿಗೆ ತಾಗಿಸಿಲ್ಲ, ಗಿಡ್ಡಕ್ಕೆ ಕತ್ತರಿಸಿ ಒಳಗೆ ಜಾರೋ ಹಾಗೆ ಬಿಟ್ಟಿದ್ದಾರೆ. ಬೋರ್ಡಿನ ಸ್ಕ್ರೂ ಸ್ಟಡ್ಡಿಗೆ ಮಾತ್ರ, ಟ್ರ್ಯಾಕಿಗೆ ಒಂದೂ ಇಲ್ಲ. ಟ್ರ್ಯಾಕಿಗೂ ಸ್ಕ್ರೂ ಬಿಗಿದ್ರೆ ಸ್ಲ್ಯಾಬ್ ಬಾಗಿದಾಗ ಬೋರ್ಡನ್ನೂ ಕೆಳಕ್ಕೆ ತಳ್ಳತ್ತೆ. ಆಮೇಲೆ ಯಾವ ಸೀಲೆಂಟ್ ಹಾಕಿದ್ರೂ ಪ್ರಯೋಜನ ಇಲ್ಲ.

ಸ್ಲ್ಯಾಬ್ ಎಷ್ಟು ಬಾಗತ್ತೆ? ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 456 ಪ್ರಕಾರ, ಪಾರ್ಟಿಷನ್ ಕಟ್ಟಿದ ಮೇಲೆ ಆಗೋ ಬಾಗು ಸ್ಪ್ಯಾನಿನ 350ನೇ ಒಂದು ಭಾಗ ಅಥವಾ 20 ಮಿ.ಮೀ., ಯಾವುದು ಕಡಿಮೆಯೋ ಅದನ್ನ ದಾಟಬಾರದು. ಅದು ಗರಿಷ್ಠ ಮಿತಿ. ನಿಮ್ಮ ಫ್ಲೋರಿಗೆ ನಿಜವಾದ ಅಂಕಿ ಸ್ಟ್ರಕ್ಚರಲ್ ಇಂಜಿನಿಯರ್ ಕೊಡಬೇಕು, ಬರವಣಿಗೆಯಲ್ಲೇ ತಗೊಳ್ಳಿ. 12 ಮಿ.ಮೀ. ಅಂದ್ರು ಅಂತಿಟ್ಕೊಳ್ಳಿ. ನೀವು ಆರಿಸಿದ ಸಿಸ್ಟಮ್, ಅಂದ್ರೆ ಸಂದಿಗೆ ತುಂಬೋ ರಾಕ್‌ವೂಲ್ (ಕಲ್ಲುಣ್ಣೆ), ಅದರ ಮೇಲೆ ಹೊಡೆಯೋ ಬೆಂಕಿ ತಡೆಯೋ ಸ್ಪ್ರೇ ಸೇರಿದ ಪರೀಕ್ಷೆ ಆದ ಜೋಡಣೆ, 25 ಶೇಕಡಾ ಚಲನೆ ತಾಳ್ಕೊಳ್ಳತ್ತೆ, ಸಂದು 25 ಮಿ.ಮೀ. ಆಗ ನಿಮಗೆ ಸಿಗೋದು ಬರೀ 6 ಮಿ.ಮೀ. ಒಂದೋ ಸಂದನ್ನ 50ಕ್ಕೆ ಏರಿಸಿ, ಇಲ್ಲ ಜಾಸ್ತಿ ಚಲನೆಯ ಸಿಸ್ಟಮ್ ತಗೊಳ್ಳಿ. ಈ ಲೆಕ್ಕ ಗೋಡೆ ನಿಲ್ಲಿಸೋಕೆ ಮುಂಚೆ ಆಗಬೇಕು.

ಸಿಸ್ಟಮ್ಮಿನ ವಿವರ ಇರೋದು ಈ ಹಾಳೆಯಲ್ಲಿ. ಯುಎಲ್ 2079 ಅನ್ನೋ ಸಂದುಗಳ ಬೆಂಕಿ ಪರೀಕ್ಷೆಯ ಪಟ್ಟಿಯಲ್ಲಿ ಎಚ್‌ಡಬ್ಲ್ಯು ಅಂತ ಶುರುವಾದ್ರೆ ಗೋಡೆ ತಲೆಭಾಗದ್ದು. ಮುಂದೆ ಡಿ ಇದ್ರೆ ಚಲಿಸೋ ಸಂದು, ಎಸ್ ಇದ್ರೆ ಚಲಿಸದ್ದು. ಡಿ ಸಿಸ್ಟಮ್‌ಗಳನ್ನ ಮೊದಲು ಅದುಮಿ ಎಳೆದು, ಆಮೇಲೆ ಕುಲುಮೆಗೆ ಇಡ್ತಾರೆ. ಬೋರ್ಡ್ ಎಷ್ಟು ಪದರ, ಉಣ್ಣೆ ಎಷ್ಟು, ಸ್ಪ್ರೇ ಎಷ್ಟು ದಪ್ಪ, ಎಲ್ಲಾ ಅದರಲ್ಲೇ ಇದೆ. ಈ ಸಿಸ್ಟಮ್ಮಿನ ಉಣ್ಣೆ, ಆ ಸಿಸ್ಟಮ್ಮಿನ ಸ್ಪ್ರೇ ಅಂತ ಬೆರೆಸಿದ್ರೆ ಅದು ಪರೀಕ್ಷೆ ಆದ ಕೆಲಸ ಅಲ್ಲ.

ಈಗ ರಾಕ್‌ವೂಲ್. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಸೈಟಲ್ಲಿ ಅತಿ ಹೆಚ್ಚು ಕೆಡೋದು ಇದೇ. ಹಾಳೆಯಲ್ಲಿ "33 ಶೇಕಡಾ ಅದುಮಿ" ಅಂತ ಇದೆ. ಸಂದು 25. ಹುಡುಗ್ರು ಏನ್ ಮಾಡ್ತಾರೆ, 25ಕ್ಕೆ 33 ಶೇಕಡಾ ಸೇರಿಸಿ 33 ಮಿ.ಮೀ. ಪಟ್ಟಿ ಕತ್ತರಿಸ್ತಾರೆ. ತಪ್ಪು. 33ರ ಪಟ್ಟಿ 25ಕ್ಕೆ ಇಳಿದ್ರೆ ಅದುಮಿದ್ದು 8, ಅಂದ್ರೆ 24 ಶೇಕಡಾ ಮಾತ್ರ. ಲೆಕ್ಕ ಹಿಂದಿನಿಂದ ಬರಬೇಕು: ಅದುಮಿದ ಮೇಲೆ ಉಳಿಯೋದು 67 ಶೇಕಡಾ, ಹಾಗಾಗಿ 25ನ್ನ 0.67ರಿಂದ ಭಾಗಿಸಿ, 37 ಮಿ.ಮೀ. 33ಕ್ಕೂ 37ಕ್ಕೂ ನಡುವೆ ನಾಲ್ಕೇ ಮಿಲಿಮೀಟರ್. ಆದರೆ ಸ್ಲ್ಯಾಬ್ ಮೇಲಿನ ಲೋಡ್ ಇಳಿದು ಸಂದು ಅಗಲ ಆದಾಗ ಸಡಿಲ ಪಟ್ಟಿ ಸ್ಲ್ಯಾಬಿನಿಂದ ಬಿಟ್ಕೊಳ್ಳತ್ತೆ. ಸ್ಪ್ರೇ ಹಿಂದೆ ಟೊಳ್ಳು.

ಇನ್ನೊಂದು, ಸ್ಲ್ಯಾಬಿನ ತಳ ಎಲ್ಲೂ ಮಟ್ಟವಾಗಿರಲ್ಲ. ಒಂದೇ ಗೋಡೆಯಲ್ಲಿ ಈ ಕೊನೆ 20, ಆ ಕೊನೆ 35 ಇರಬಹುದು. ಒಂದೇ ಅಳತೆಯ ಪಟ್ಟಿ ಎಲ್ಲಾ ಕಡೆಗೂ ಸಾಲಲ್ಲ. ಮೀಟರಿಗೊಮ್ಮೆ ಅಳೆದು ಬೋರ್ಡಿನ ಮೇಲೆ ಪೆನ್ಸಿಲಲ್ಲಿ ಬರೀರಿ, ಅದನ್ನ ನೋಡಿ ಕತ್ತರಿಸಿ. 35ಕ್ಕೆ 52 ಮಿ.ಮೀ. ಪಟ್ಟಿ ಬೇಕು. ಸಿಸ್ಟಮ್ಮಿನ ಗರಿಷ್ಠ ಅಗಲ ಮೀರಿದ ಜಾಗದಲ್ಲಿ ಉಣ್ಣೆ ತುರುಕಬೇಡಿ. ಬೋರ್ಡಿನ ಕೆಲಸ ಸರಿಮಾಡಿ ಸಂದನ್ನ ಮಿತಿಯೊಳಗೆ ತನ್ನಿ. ಪಟ್ಟಿಗಳ ತುದಿ ಒಂದಕ್ಕೊಂದು ಒತ್ತಿ ಕೂರಬೇಕು, ನಡುವೆ ಬೆಳಕು ಕಾಣಬಾರದು.

ಗ್ಲಾಸ್‌ವೂಲ್ ಹಾಕ್ಬಹುದಾ ಅಂತ ಕೇಳ್ತಾರೆ, ಅಗ್ಗ ಅಂತ. ಬೇಡ. ಬೆಂಕಿ ಪರೀಕ್ಷೆಯಲ್ಲಿ ಬಿಸಿ ಹೇಗೆ ಏರಬೇಕು ಅಂತ ಹೇಳೋ ಐಎಸ್ಒ 834 ರೇಖೆ ಪ್ರಕಾರ ಅರ್ಧ ಗಂಟೆಗೆ ಕುಲುಮೆ 842 ಡಿಗ್ರಿ, ಎರಡು ಗಂಟೆಗೆ 1049. ಗ್ಲಾಸ್‌ವೂಲ್ ಅದಕ್ಕೆ ತುಂಬಾ ಮುಂಚೆನೇ ಕರಗಿ ಕುಸಿಯತ್ತೆ. ಡಬ್ಬಿಯಿಂದ ಉಬ್ಬಿ ಬರೋ ಪಿಯು (ಪಾಲಿಯುರೆಥೇನ್) ಫೋಮ್ ಅಂತೂ ಮಾತೇ ಬೇಡ. ಡಬ್ಬಿ ಮೇಲೆ ಫೈರ್ ಅಂತ ಬರೆದಿದ್ರೂ, ಎಷ್ಟು ಅಗಲ, ಎಷ್ಟು ಆಳ, ಚಲಿಸೋ ಸಂದಿಗೋ ಅಲ್ವೋ, ಅದರ ಪರೀಕ್ಷಾ ವರದಿ ತೋರಿಸಿ ಅನ್ನಿ.

ಸ್ಪ್ರೇ ಶುರುವಾಯ್ತು. ಬೋರ್ಡಿನ ಧೂಳು ಒರೆಸಿದ್ದು ನೋಡಿದ್ರಲ್ಲ, ಧೂಳಿದ್ರೆ ಪದರ ಸುಲಿದು ಬರತ್ತೆ. ಉಣ್ಣೆ ಮೇಲಷ್ಟೇ ಅಲ್ಲ, ಬೋರ್ಡ್ ಮೇಲೆ 13 ಮಿ.ಮೀ., ಸ್ಲ್ಯಾಬ್ ಮೇಲೆ 13 ಮಿ.ಮೀ. ಹತ್ತಿಸಬೇಕು. ಹಸಿ ಇದ್ದಾಗ ದಪ್ಪ 3 ಮಿ.ಮೀ., ನಮ್ಮ ಹಾಳೆ ಪ್ರಕಾರ. ಕೈಲಿರೋದು ಹಸಿ ಪದರ ಅಳೆಯೋ ಹಲ್ಲಿನ ಗೇಜ್. ಒಣಗಿದ ಮೇಲೆ ಅಳೆಯೋಕೆ ಕತ್ತರಿಸಬೇಕಾಗತ್ತೆ, ಅದಕ್ಕೇ ಈಗಲೇ ಅಳೀರಿ. ಮಾಲಿನ ಲೆಕ್ಕ: ಅಗಲ 25ಕ್ಕೆ ಎರಡು 13 ಸೇರಿ 51, ದಪ್ಪ 3, ಮೀಟರಿಗೆ ಸುಮಾರು 153 ಮಿ.ಲೀ. 19 ಲೀಟರ್ ಬಕೆಟ್ ಕಾಗದದ ಮೇಲೆ 124 ಮೀಟರ್, ನಷ್ಟ ಕಳೆದು 100 ಅಂತ ಹಿಡೀರಿ. ಗೋಡೆಗೆ ಎರಡು ಮುಖ, ಅಂದ್ರೆ 50 ಮೀಟರ್ ಗೋಡೆಗೆ ಒಂದು ಬಕೆಟ್. ಒಂದೇ ಮುಖಕ್ಕೆ ಹೊಡೆದು ಮುಗೀತು ಅನ್ನೋರೂ ಇದ್ದಾರೆ. ಹಾಳೆಯಲ್ಲಿ ಎರಡೂ ಕಡೆ ಅಂತಿದ್ರೆ ಎರಡೂ ಕಡೆ.

ಟ್ರ್ಯಾಕಿಗೆ ಮೊದಲೇ ಅಂಟಿಸೋ, ಬಿಸಿಗೆ ಉಬ್ಬೋ ಟೇಪ್ ದುಬಾರಿ, ಬೇಡ ಅಂತಾನೇ ನನ್ನ ಅಭಿಪ್ರಾಯ. ಆದರೆ ಈ ಮೂಲೆ ನೋಡಿ. ಡಕ್ಟು ಗೋಡೆಗೆ ಒತ್ಕೊಂಡೇ ಹೋಗಿದೆ, ಕೈಯೂ ಹೋಗಲ್ಲ, ಗನ್ನೂ ಹೋಗಲ್ಲ. ಇಂಥ ಕಡೆ ಆ ಟೇಪೇ ಸರಿ, ದುಡ್ಡು ಕೊಟ್ರೂ ನ್ಯಾಯ. ಇನ್ನೂ ಒಳ್ಳೇದು, ಗೋಡೆ ತಲೆ ಸೀಲ್ ಆದ ಮೇಲೆ ಡಕ್ಟು, ಕೇಬಲ್ ಟ್ರೇ ಹಾಕಿ. ಕೆಲಸದ ವೇಳಾಪಟ್ಟಿಯಲ್ಲೇ ಆ ಕ್ರಮ ಬರಲಿ.

ಪಕ್ಕದ ಮೆಟ್ಟಿಲ ಗೋಡೆ ಬ್ಲಾಕಿಂದು. ಮೇಲಿನ ಸಂದಿಗೆ ಮೇಸ್ತ್ರಿ ಗಾರೆ ತುಂಬಿದ್ದಾರೆ. ಗಾರೆ ಒಣಗಿ ಕುಗ್ಗಿ ಬಿರುಕು ಬಿಟ್ಟಿದೆ, ಜೂಮ್ ಮಾಡಿದ್ದೀನಿ. ಸ್ಲ್ಯಾಬ್ ಬಾಗಿದ್ರೆ ಭಾರ ನೇರ ಗೋಡೆ ಮೇಲೆ. ಕೆತ್ತಿ ತೆಗೆದು, ಬ್ಲಾಕ್ ಗೋಡೆಗೆ ಪರೀಕ್ಷೆ ಆದ ಸಿಸ್ಟಮ್ಮೇ ಹಾಕಬೇಕು. ಜಿಪ್ಸಮ್ ಗೋಡೆಯ ಹಾಳೆ ಇಲ್ಲಿಗೆ ನಡೆಯಲ್ಲ.

ಫಾಲ್ಸ್ ಸೀಲಿಂಗ್ ಹುಡುಗ್ರು ಗ್ರಿಡ್ ತಂದ್ರು, ಏಣಿ ಬಿಡಬೇಕು. ಸ್ಪ್ರೇ ಒಣಗೋ ತನಕ ಈ ಗೋಡೆ ಹತ್ರ ಕೆಲಸ ಬೇಡ ಅಂತ ಅವರಿಗೆ ಹೇಳಿದ್ದೀನಿ. ಸಿಸ್ಟಮ್ ನಂಬರ್, ತಾರೀಖು ಬರೆದ ಲೇಬಲ್ ಗೋಡೆಗೆ ಅಂಟಿದೆ, ಈ ಮುಖದ ಫೋಟೋ ಆಗಿದೆ. ಆ ಕಡೆ ಮುಖದ ಸ್ಪ್ರೇ ಬಾಕಿ, ಅಲ್ಲಿಗೆ ಹೊರಟ್ವಿ.