ಭರಣಿ ಒಡೆದವರು ಯಾರು?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನಿಂತು ತರ್ಕದ ಬಗ್ಗೆ ಮಾತಾಡುವುದು ನನಗೆ ತುಂಬ ಖುಷಿಯ ವಿಷಯ. ವಾದಕ್ಕೆ, ಪ್ರತಿವಾದಕ್ಕೆ ಶತಮಾನಗಳಿಂದ ಬೆಲೆ ಕೊಟ್ಟ ಊರು ಇದು. ಆದರೆ ಇವತ್ತು ನಾನು ಗ್ರಂಥಗಳಿಂದ ಶುರು ಮಾಡುವುದಿಲ್ಲ, ಅಡುಗೆಮನೆಯಿಂದ ಶುರು ಮಾಡುತ್ತೇನೆ.

ಮಿಡಿ ಉಪ್ಪಿನಕಾಯಿಯ ಭರಣಿ ಒಡೆದಿದೆ. ಅಜ್ಜಿ ಮೂರು ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ರವಿ ಹೇಳುತ್ತಾನೆ, "ಒಡೆದದ್ದು ಸುಮಾ." ಸುಮಾ ಹೇಳುತ್ತಾಳೆ, "ಇಲ್ಲ ಅಜ್ಜಿ, ಅಣ್ಣ ಸುಳ್ಳು ಹೇಳ್ತಿದ್ದಾನೆ." ಚಿಕ್ಕವನು ಕಿಟ್ಟಿ, "ನಾನಂತೂ ಅಲ್ಲ." ಜಗಲಿಯಲ್ಲಿ ಕೂತು ಎಲ್ಲ ನೋಡಿದ ಅಜ್ಜ ಹೆಸರು ಹೇಳಲು ಒಪ್ಪುವುದಿಲ್ಲ. "ಈ ಮೂವರಲ್ಲಿ ನಿಜ ಹೇಳಿದ್ದು ಒಬ್ಬರೇ" ಅಂತ ಮಾತ್ರ ಹೇಳುತ್ತಾರೆ.

ಮಕ್ಕಳ ಮುಖ ನೋಡಿ ಊಹಿಸಬೇಡಿ. ಮಾತುಗಳನ್ನು ಮಾತ್ರ ನೋಡಿ. ರವಿಯ ಮಾತು ಮತ್ತು ಸುಮಾಳ ಮಾತು ಒಂದಕ್ಕೊಂದು ಪೂರ್ತಿ ಎದುರು. ಒಂದು ನಿಜವಾದರೆ ಇನ್ನೊಂದು ಸುಳ್ಳು. ಎರಡೂ ನಿಜ ಆಗಲಾರವು, ಎರಡೂ ಸುಳ್ಳು ಆಗಲಾರವು. ಅಂದರೆ ಅಜ್ಜ ಹೇಳಿದ ಆ ಒಂದು ನಿಜ ಇವರಿಬ್ಬರಲ್ಲೇ ಮುಗಿಯಿತು. ಹಾಗಾದರೆ ಕಿಟ್ಟಿಯ ಮಾತು ಸುಳ್ಳು. ಒಡೆದದ್ದು ಕಿಟ್ಟಿ. ಗಮನಿಸಿ, ರವಿ ಮತ್ತು ಸುಮಾಳಲ್ಲಿ ನಿಜ ಯಾರದ್ದು ಅಂತ ಗೊತ್ತಿಲ್ಲದೆಯೇ ನಾವು ಕಿಟ್ಟಿಯವರೆಗೆ ಬಂದೆವು. ನನಗೆ ಈ ಲೆಕ್ಕ ಇಷ್ಟವಾಗುವುದು ಅದಕ್ಕೇ.

ಒಮ್ಮೆ ತರಗತಿಯಲ್ಲಿ ಇದನ್ನು ಬಿಡಿಸಿ, "ಕಿಟ್ಟಿ ಒಬ್ಬನೇ ಒಡೆದದ್ದು" ಎಂದು ಬೋರ್ಡಿನಲ್ಲಿ ಬರೆದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಸರ್, ಇಬ್ಬರು ಸೇರಿ ಭರಣಿ ಎಳೆದಾಡಿದ್ದರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಎಂಟು ಸಾಲಿನ ಕೋಷ್ಟಕ ಬರೆದು ನೋಡಬೇಕಾಯಿತು.

ಎಂಟು ಹೇಗೆ? ರವಿಗೆ ಪಾಲು ಉಂಟು ಅಥವಾ ಇಲ್ಲ. ಸುಮಾಳಿಗೂ ಹಾಗೇ, ಕಿಟ್ಟಿಗೂ ಹಾಗೇ. ಎರಡೆರಡು ದಾರಿ ಮೂರು ಸಲ, ಒಟ್ಟು ಎಂಟು. ಇದಕ್ಕೆ ಸತ್ಯ ಕೋಷ್ಟಕ ಎನ್ನುತ್ತಾರೆ. ಈಗ ಅಜ್ಜನ ಮಾತಿಗೆ ಹೊಂದದ ಸಾಲುಗಳನ್ನು ಅಳಿಸುತ್ತಾ ಬನ್ನಿ. ನಾಲ್ಕು ಹೋಗುತ್ತವೆ, ನಾಲ್ಕು ಉಳಿಯುತ್ತವೆ: ಕಿಟ್ಟಿ ಒಬ್ಬನೇ, ಕಿಟ್ಟಿ ಮತ್ತು ರವಿ, ಕಿಟ್ಟಿ ಮತ್ತು ಸುಮಾ, ಮೂವರೂ. ನಾಲ್ಕರಲ್ಲೂ ಕಿಟ್ಟಿ ಇದ್ದಾನೆ, ಅಷ್ಟು ಖಚಿತ. ಆದರೆ "ಒಬ್ಬನೇ" ಎನ್ನುವುದು ಅಜ್ಜ ಹೇಳಿದ್ದಲ್ಲ, ನಾನು ಸುಮ್ನೆ ಸೇರಿಸಿಕೊಂಡದ್ದು. "ಒಡೆದವರು ಒಬ್ಬರೇ" ಎಂಬ ಇನ್ನೊಂದು ಮಾತು ಬೇರೆಯಾಗಿ ಸಿಕ್ಕರೆ ಮಾತ್ರ ನಾಲ್ಕು ಸಾಲು ಒಂದಾಗುತ್ತದೆ. ಆ ಹುಡುಗಿ ಕೇಳದಿದ್ದರೆ ನಾನು ಇಂದಿಗೂ ಹಾಗೇ ಬರೆಯುತ್ತಿದ್ದೆ. ಮನೆಯಲ್ಲಾಗಲಿ, ಆಫೀಸಿನಲ್ಲಾಗಲಿ, ಯಾರ ಮೇಲಾದರೂ ತಪ್ಪು ಹೊರಿಸುವ ಮೊದಲು ಈ ವ್ಯತ್ಯಾಸ ನೋಡಲೇಬೇಕು.

ಮಾತುಗಳನ್ನು ಹೀಗೆ ಲೆಕ್ಕದಂತೆ ಬಿಡಿಸಬಹುದು ಎಂದು ತೋರಿಸಿದವರು ಇಂಗ್ಲೆಂಡಿನ ಜಾರ್ಜ್ ಬೂಲ್. 1847ರಲ್ಲಿ ಒಂದು ಚಿಕ್ಕ ಪುಸ್ತಕ, 1854ರಲ್ಲಿ ದೊಡ್ಡದು. ಇಂದಿನ ಕಂಪ್ಯೂಟರ್ ಸರ್ಕ್ಯೂಟಿನ ಒಳಗೆ ಇರುವುದೂ ಅದೇ ಲೆಕ್ಕ.

'ಹೀಗಾದರೆ ಹಾಗೆ' ಎಂಬ ಕೊಂಡಿಯಲ್ಲಿ ಮಾತ್ರ ಜಾಸ್ತಿ ಜನ ಎಡವುತ್ತಾರೆ. ಮಳೆ ಬಂದರೆ ರಸ್ತೆ ಒದ್ದೆ. ಸರಿ. ರಸ್ತೆ ಒದ್ದೆ ಇದೆ, ಹಾಗಾದರೆ ಮಳೆ ಬಂದಿದೆ ಅನ್ನಬಹುದಾ? ಮಲ್ಪೆಯಿಂದ ಹೊರಟ ಮೀನಿನ ಲಾರಿಯ ಐಸ್ ನೀರು ಸುರಿದರೂ ರಸ್ತೆ ಒದ್ದೆಯಾಗುತ್ತದೆ, ಅಲ್ವಾ? ಆದರೆ ರಸ್ತೆ ಒಣಗಿದ್ದರೆ ಮಳೆ ಬಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಈಗ ಎರಡನೇ ಬಗೆಯ ಪ್ರಶ್ನೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಎಲ್ಲರ ಮಾತೂ ಒಟ್ಟಿಗೆ ನಿಲ್ಲುತ್ತದೆಯೇ ಎಂಬುದೇ ಪ್ರಶ್ನೆ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆ ನೋಡಿದವರಿಗೆ ಇದು ಹೊಸದಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಎದುರುಬದುರು ಕೂತು ಮಾತು. ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವನು, ಎದುರಾಳಿಯ ಮಾತನ್ನು ತಕ್ಷಣ ಸುಳ್ಳು ಎನ್ನುವುದಿಲ್ಲ. ಮೊದಲು ಆಡಿದ ಮಾತನ್ನು ನೆನಪಿಟ್ಟುಕೊಂಡು ಈಗಿನ ಮಾತಿನ ಪಕ್ಕ ಇಡುತ್ತಾನೆ. ಎರಡೂ ಒಟ್ಟಿಗೆ ಹೇಗೆ ನಿಜ ಎಂದು ಕೇಳುತ್ತಾನೆ. ಅಲ್ಲಿಗೆ ಸಭೆ ನೇರ ಕೂರುತ್ತದೆ.

ಒಂದು ಸಂಘದವರು ಕಾರ್ಯಕ್ರಮಕ್ಕೆ ನಾಲ್ಕು ನಿಯಮ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಮಳೆ ಬಂದರೆ ಕಾರ್ಯಕ್ರಮ ಒಳಗಿನ ಕೋಣೆಯಲ್ಲಿ. ಒಳಗೆ ಮಾಡಿದರೆ ಮೈಕ್ ಹಾಕಬಾರದು, ಪಕ್ಕದಲ್ಲಿ ಓದುವ ಮಕ್ಕಳಿದ್ದಾರೆ. ಭಾನುವಾರವಾದರೆ ಹಿರಿಯರು ಬರುತ್ತಾರೆ. ಹಿರಿಯರು ಬಂದರೆ ಮೈಕ್ ಬೇಕೇ ಬೇಕು. ಒಂದೊಂದೂ ನ್ಯಾಯವಾದ ಮಾತೇ. ಕಾರ್ಯಕ್ರಮ ಆಟಿ ತಿಂಗಳ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳ, ಭಾನುವಾರ, ಹೊರಗೆ ಮಳೆ. ಮಳೆಯ ದಾರಿಯಲ್ಲಿ ಹೋದರೆ ಮೈಕ್ ಇಲ್ಲ. ಭಾನುವಾರದ ದಾರಿಯಲ್ಲಿ ಹೋದರೆ ಮೈಕ್ ಉಂಟು. ಎರಡೂ ಒಟ್ಟಿಗೆ ಆಗುವುದಿಲ್ಲ.

ನಾಲ್ಕು ನಿಯಮಗಳನ್ನು ಜೋಡಿಸಿ ನೋಡಿ. ಅವುಗಳಿಂದ ಯಾರೂ ಬರೆಯದ ಐದನೇ ಮಾತೊಂದು ಹುಟ್ಟುತ್ತದೆ: ಭಾನುವಾರದ ಕಾರ್ಯಕ್ರಮಕ್ಕೆ ಮಳೆ ಬರುವುದಿಲ್ಲ. ಕರಾವಳಿಯಲ್ಲಿ ಆಟಿಯಲ್ಲಿ ಇಂಥ ಮಾತನ್ನು ಯಾರು ಕೊಡಬಲ್ಲರು? ಯಾವ ನಿಯಮ ಸಡಿಲಿಸಬೇಕು ಎನ್ನುವುದನ್ನು ತರ್ಕ ಹೇಳುವುದಿಲ್ಲ, ಅದನ್ನು ಸಂಘದವರು ಕೂತು ಮಾತಾಡಬೇಕು. ಆದರೆ ಮಳೆಗೆ ಮುಂಚೆಯೇ ಕೂರಬೇಕು ಎಂದು ತರ್ಕ ಹೇಳುತ್ತದೆ.

ಮಾತುಗಳು ಹೆಚ್ಚಾದರೆ ಕೋಷ್ಟಕ ಬೆಳೆಯುವ ವೇಗ ಭಯಂಕರ. ಹತ್ತು ಮಾತಿಗೆ 1,024 ಸಾಲು. ಇಪ್ಪತ್ತಕ್ಕೆ 10,48,576. ಮೂವತ್ತಕ್ಕೆ 107 ಕೋಟಿ ದಾಟುತ್ತದೆ. ಎಲ್ಲ ಸಂದರ್ಭದಲ್ಲೂ ನಡೆಯುವ ಚುರುಕಿನ ದಾರಿ ಇದೆಯೇ? 1971ರಲ್ಲಿ ಕಂಪ್ಯೂಟರ್ ವಿಜ್ಞಾನಿ ಸ್ಟೀಫನ್ ಕುಕ್ ಈ ಪ್ರಶ್ನೆಯ ಆಳ ತೋರಿಸಿದರು. ಇನ್ನೂ ಯಾರಿಗೂ ಉತ್ತರ ಸಿಕ್ಕಿಲ್ಲ. ಹಾಗಿದ್ದರೂ ಸಾವಿರಾರು ನಿಯಮಗಳನ್ನು ಒಟ್ಟಿಗೆ ಪರೀಕ್ಷಿಸುವ ಪ್ರೋಗ್ರಾಂಗಳು ಇವತ್ತು ಚಿಪ್ ತಯಾರಿಸುವವರಿಗೆ ದಿನಾ ಬೇಕು. ಅವು ಎಲ್ಲ ಸಾಲು ಬರೆಯುವುದಿಲ್ಲ. ಒಂದು ಊಹೆ ಮಾಡುತ್ತವೆ, ಅದರ ಹಿಂದೆ ಹೋಗುತ್ತವೆ, ವಿರೋಧ ಸಿಕ್ಕರೆ ವಾಪಸ್ ಬಂದು ಇನ್ನೊಂದು ದಾರಿ ಹಿಡಿಯುತ್ತವೆ.

ಬೋರ್ಡಿನಲ್ಲಿ ಎಂಟು ಸಾಲು ಮತ್ತೆ ಬರೆದಿದ್ದೇನೆ. ಅಜ್ಜ ಈಗ ಮಾತು ಬದಲಿಸಿದ್ದಾರೆ: "ಸುಳ್ಳು ಹೇಳಿದ್ದು ಒಬ್ಬರೇ, ಒಡೆದದ್ದೂ ಒಬ್ಬರೇ." ಎಷ್ಟು ಸಾಲು ಉಳಿಯುತ್ತವೆ? ಉತ್ತರ ಒಂದೇ ಹೆಸರು ಅಂತ ಮೊದಲೇ ಅಂದುಕೊಳ್ಳಬೇಡಿ. ಯಾರಾದರೂ ಮುಂದೆ ಬನ್ನಿ, ಡಸ್ಟರ್ ಇಲ್ಲೇ ಉಂಟು.